ಪೆಟ್ಟಿಗೆಯ ಸಾಕ್ಷಿ

ಹಾಸನದ ಸಂತೇಪೇಟೆ. ಹಲ್ಲಿನ ಲ್ಯಾಬಿನ ಹುಡುಗ
ನನ್ನ ಕೈಗಿಟ್ಟದ್ದು ಅಂಗೈಯಗಲದ ಬೂದು ಪೆಟ್ಟಿಗೆ.
ಒಳಗೇನಿದೆ ಎಂದು ಕೇಳಬಾರದು, ನಿಯಮ.
ಅವನೇ ಅಂದ: ಹಲ್ಲುಸೆಟ್ಟು ಅಕ್ಕ, ಮೇಲಿನದು ಕೆಳಗಿನದು ಎರಡೂ.
ಹಗರೆಯ ವಾಲಗದವರದು. ನಾಳೆ ಬೆಳಗ್ಗೆ ಧಾರೆಗೆ ಊದಬೇಕು.

ಬೊಚ್ಚುಬಾಯಿಗೆ ನಾಗಸ್ವರ ನಿಲ್ಲುವುದಿಲ್ಲವಂತೆ,
ಉಸಿರೆಲ್ಲ ತುಟಿಯಂಚಲ್ಲೇ ಸೋರಿಹೋಗುತ್ತದಂತೆ.

ಪೆಟ್ಟಿಗೆಯ ಮೂಲೆಯಲ್ಲಿ ತೊಗರಿಬೇಳೆಯಷ್ಟು ಚಿಪ್.
ಎಷ್ಟು ಬಿಸಿ, ಎಷ್ಟು ಕುಲುಕು, ಎಷ್ಟು ಹೊತ್ತಿಗೆ ಎಲ್ಲಿ,
ಮುಚ್ಚಳ ಎದ್ದಿತೋ ಇಲ್ಲವೋ, ಎಲ್ಲ ಬರೆದುಕೊಳ್ಳುತ್ತದೆ.
ಬರೆದದ್ದನ್ನು ಅಳಿಸಲು ಬರುವುದಿಲ್ಲ
ನನಗೂ, ಕಂಪನಿಗೂ.
ಒಂದೇ ಲೆಕ್ಕ ಹತ್ತು ಕಡೆ ಇರುತ್ತದಂತೆ:
ನಲ್ಲಿಕಟ್ಟೆಯ ಸುದ್ದಿ ಇದ್ದ ಹಾಗೆ,
ಒಬ್ಬಳ ಬಾಯಿ ಮುಚ್ಚಿಸಿದರೆ ಉಳಿದ ಒಂಬತ್ತು ಜನ ಹೇಳುತ್ತಾರೆ.

ನಾನು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು.
ಶಿಫ್ಟು ಮುಗಿಸಿ, ಹೇಗೂ ಆ ಕಡೆಗೇ ಹೋಗುತ್ತೀನಲ್ಲ ಎಂದು
ಸ್ಕೂಟಿಯಲ್ಲಿ ಊರವರ ಸಾಮಾನು ಹೊರುವವಳು.
ಆ್ಯಪಿನಲ್ಲಿ ಪುಟ್ಟತಾಯಮ್ಮ ಎಸ್.,
ಹೆಸರಿನ ಪಕ್ಕ ನಾಲ್ಕು ಪಾಯಿಂಟ್ ಒಂದು.
ನಾಲ್ಕರ ಕೆಳಗಿಳಿದರೆ ನಾಳೆಯಿಂದ ಕರೆಯಿಲ್ಲ.

ಕಂದಲಿ ದಾಟಿದ ಮೇಲೆ ರಸ್ತೆ ಅಗೆದಿದ್ದರು.
ಎಡಕ್ಕೆ ತಿರುಗಿದೆ, ಆಲೂಗಡ್ಡೆ ಹೊಲಗಳ ನಡುವಿನ ಬಂಡಿದಾರಿ.
ನೀವು ದಾರಿ ತಪ್ಪಿದ್ದೀರಿ, ಅಂದಿತು ಫೋನು.
ಇಲ್ಲ ಕಣಮ್ಮ, ದಾರಿಯೇ ತಪ್ಪಿದೆ, ಅಂದೆ.
ಅದಕ್ಕೆ ಕೇಳಲಿಲ್ಲ.
ಒಂದು ಗುಂಡಿ. ಧಡಕ್ಕನೆ ಹಾರಿ ಹಿಂದಿನ ಚಕ್ರ ಪಂಕ್ಚರ್.
ಪಂಪು ತರಲು ಓಡಿದ ಟ್ರ್ಯಾಕ್ಟರಿನ ಹುಡುಗ ಬರುವವರೆಗೂ
ಬದುವಿನ ಮೇಲೆ ಕೂತೆ, ಪೆಟ್ಟಿಗೆ ಮಡಿಲಲ್ಲಿ,
ತೊಡೆ ಜೋಮು ಹಿಡಿದರೂ ಅಲ್ಲಾಡದೆ.

ಅಲ್ಲಿ ಕೂತಾಗ ಅಪ್ಪ ನೆನಪಾದ.

ಸೈಕಲ್ಲಿನ ಕ್ಯಾರಿಯರಿಗೆ ಗೋಣಿ ಬಿಗಿದು ಅಪ್ಪ
ಪೇಟೆ ಅಂಗಡಿಗಳ ಗಂಟುಗಳನ್ನು ಹಳ್ಳಿಗೆ ಮುಟ್ಟಿಸುತ್ತಿದ್ದ.
ರಸೀದಿ ಇಲ್ಲ. ಶಿವನಿಂಗ ಅಂದರೆ ಸಾಕು.
ಒಂದು ಸಲ ಮದುವೆಯ ಗಂಟಿನಲ್ಲಿ ವಾಚು ಇರಲಿಲ್ಲ.
ಇಟ್ಟವರು ಇಟ್ಟಿದ್ದೆವು ಅಂದರು, ಬಿಚ್ಚಿದವರು ಇಲ್ಲ ಅಂದರು,
ನಡುವೆ ಇದ್ದವನು ಒಬ್ಬನೇ.
ಚಪ್ಪರದ ಕೆಳಗೆ, ಊಟಕ್ಕೆ ಕೂತವರ ಎದುರು
ಅವನ ಜೇಬು ತಡಕಿದರು.
ವಾಚು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಯಾವ ಬಾಗಿಲಿಗೆ ಹೋದರೂ
ಗಂಟು ಕೊಟ್ಟು, ಯಾರೂ ಕೇಳದೆಯೇ
ಎರಡೂ ಜೇಬು ಹೊರಗೆ ಎಳೆದು ತೋರಿಸುತ್ತಿದ್ದ ಅಪ್ಪ.
ಬಿಳಿ ಜೇಬುಗಳು ಮೊಲದ ಕಿವಿಯ ಹಾಗೆ ನೇತಾಡುತ್ತಿದ್ದವು.
ನಾನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂತು
ನಗುತ್ತಿದ್ದೆ, ಆಟ ಅಂದುಕೊಂಡು.

ಹಗರೆ ಮುಟ್ಟಿದಾಗ ಎಂಟೂಕಾಲು.
ಬಾಗಿಲಲ್ಲಿ ಡೋಲಿನವನು, ಅಳಿಯನಂತೆ. ಪೆಟ್ಟಿಗೆ ತಿರುಗಿಸಿ ನೋಡಿದ.
ಇಷ್ಟು ತಡ ಯಾಕೆ? ಇಲ್ಲಿ ಗೀರು ಯಾಕೆ? ತೆಗೆದು ನೋಡಿದ್ದೀಯಾ?
ನಾನು ಬಾಯಿ ತೆರೆಯುವ ಮೊದಲೇ ಅವನ ಫೋನು ಕಿಣಿ ಅಂದಿತು.
ಓದಿದ, ತುಟಿ ಅಲ್ಲಾಡಿಸಿಕೊಂಡು:
ಏಳು ಹದಿನಾಲ್ಕಕ್ಕೆ ಒಂದು ಜೋರು ಕುಲುಕು.
ನಂತರ ಇಪ್ಪತ್ತಾರು ನಿಮಿಷ ಅಲುಗಿಲ್ಲ.
ಮುಚ್ಚಳ ತೆರೆದಿಲ್ಲ.
ಹೂಂ, ಅಂದ. ಅಷ್ಟೇ.

ಮಡಿಲು ಎಂಬ ಮಾತು ಅದರಲ್ಲಿ ಇರಲಿಲ್ಲ.
ಜೋಮು ಇರಲಿಲ್ಲ. ಇರಲಿ.
ನನ್ನನ್ನು ದಿನವಿಡೀ ಕಾಯುವ ಈ ಬೇಳೆಕಾಳಿನ ಮೇಲೆ
ನನಗೆ ಸಿಟ್ಟಿದೆ. ಆದರೂ ಆ ಚಪ್ಪರದ ಕೆಳಗೆ
ಇಂಥದೊಂದು ಕಾಳು ಬಾಯಿಬಿಟ್ಟಿದ್ದರೆ

ಒಳಗಿನಿಂದ ಪೀಪಿಯ ಮೊದಲ ಸ್ವರ ಬಂತು, ಒಡಕು.
ನಿಂತಿತು. ಹಲ್ಲು ಸರಿಮಾಡಿಕೊಂಡರೇನೋ.
ಮತ್ತೆ ಬಂತು.

ನನ್ನ ಕೈ ಆಗಲೇ ಕುರ್ತಾದ ಜೇಬಿನಲ್ಲಿತ್ತು,
ಅರ್ಧ ಹೊರಗೆ ಎಳೆದಿದ್ದೆ, ನನಗೇ ಗೊತ್ತಿಲ್ಲದೆ.
ಡೋಲಿನವನು ನೋಡುತ್ತಿದ್ದ.
ಒಳಗೆ ತುರುಕಿಕೊಂಡೆ.
ಸ್ಕೂಟಿಯ ಕೀ ಹುಡುಕುವವಳ ಹಾಗೆ.